ಮೂವತ್ತು ದಿನದ ಹಾಜರಿ

ಇಮೇಲ್ ಎರಡೇ ಸಾಲಿನದು. ಜೋವಿನ್ ಅದನ್ನು ಹನ್ನೊಂದು ಸಲ ಓದಿದ. ಪ್ರತಿ ಸಲವೂ ಅದು ಎರಡೇ ಸಾಲು ಇತ್ತು.

‘ನಿಮ್ಮ ಜಾಬ್ ಕೋಡ್ ಜುಲೈ ಎರಡರಂದು ಬದಲಾಗಿರುವುದರಿಂದ ಮೂರನೇ ವರ್ಷದ ಸಾಲ ಮರುಪಾವತಿಗೆ ನೀವು ಅರ್ಹರಲ್ಲ. ದಿನಾಂಕ ತಪ್ಪಾಗಿ ದಾಖಲಾಗಿದ್ದರೆ ದಾಖಲೆ ಸಮೇತ ತಿಳಿಸಿ.’

ಮೊದಲ ಸಾಲು ಓದಿದಾಗ ಮೈ ಉರಿಯಿತು. ಎರಡನೇ ಸಾಲು ಓದಿದಾಗ ಉರಿ ಇಳಿದು ಒಂದು ತರಹದ ತಣ್ಣನೆಯ ಸಂತೋಷ ಶುರುವಾಯಿತು. ಕಂಪನಿ ಬಾಗಿಲು ಹಾಕಿ, ಚಿಲಕ ಎಲ್ಲಿದೆ ಎಂದೂ ತಾನೇ ಹೇಳಿತ್ತು.

ದೋಹಾದ ಪಶ್ಚಿಮಕ್ಕೆ, ಮರಳಿನ ನಡುವೆ, ಅಮೆರಿಕನ್ ಸೈನ್ಯದ ಒಂದು ಕ್ಯಾಂಪ್. ಅದರ ಆಸ್ಪತ್ರೆಯ ಯಂತ್ರಗಳು ಕೆಟ್ಟರೆ ರಿಪೇರಿ ಮಾಡುವ ಗುತ್ತಿಗೆ ಜೋವಿನ್‌ನ ಕಂಪನಿಯದು. ಸೈನ್ಯಕ್ಕೆ ಸೇರಿದ ಹುಡುಗರ ಕಾಲೇಜು ಸಾಲವನ್ನು ಸೈನ್ಯವೇ ತೀರಿಸುತ್ತದೆ, ಸೇರಿದ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಹೋಗದಿದ್ದರೆ. ಇದನ್ನು ನೋಡಿ ಕಂಪನಿಗೂ ಆಸೆಯಾಯಿತು. ಬಿಸಿಲಿಗೆ ಹೆದರಿ ಟೆಕ್ನಿಷಿಯನ್‌ಗಳು ಓಡಿಹೋಗದಿರಲಿ ಎಂದು ಅದೇ ನಿಯಮವನ್ನು ಅಲ್ಪವಿರಾಮ ಸಹಿತ ನಕಲು ಮಾಡಿತು. ಒಂದು ವರ್ಷ ಪೂರ್ತಿ ಕ್ಯಾಂಪಿನ ಕೆಲಸದಲ್ಲಿದ್ದರೆ ಕಾಲೇಜು ಸಾಲದ ಮೂರನೇ ಒಂದು ಪಾಲನ್ನು ಕಂಪನಿಯೇ ಮಂಗಳೂರಿನ ಬ್ಯಾಂಕಿಗೆ ಕಟ್ಟುತ್ತದೆ. ಮೂರು ವರ್ಷಕ್ಕೆ ಸಾಲ ಖಲಾಸ್. ನಡುವೆ ಕೆಲಸ ಬದಲಾದರೆ ಆ ವರ್ಷದ ಪಾಲು ಖೋತಾ.

ಜೋವಿನ್ ೨೦೦೫ರ ಆಗಸ್ಟ್ ಒಂದಕ್ಕೆ ಸೇರಿದ್ದ. ಎರಡು ಪಾಲು ಕಂಪನಿ ಕಟ್ಟಿತ್ತು. ಮೂರನೆಯದಕ್ಕೆ ೨೦೦೮ರ ಜುಲೈ ಮೂವತ್ತೊಂದರ ತನಕ ಕ್ಯಾಂಪಿನಲ್ಲಿ ಇರಬೇಕಿತ್ತು. ಅಷ್ಟರಲ್ಲಿ ಲುಸೈಲ್ ಆಫೀಸಿನಲ್ಲಿ ಕೋಆರ್ಡಿನೇಟರ್ ಹುದ್ದೆ ಖಾಲಿಯಾಯಿತು. ಆರುನೂರು ರಿಯಾಲ್ ಹೆಚ್ಚು, ಮೇಜು ಕುರ್ಚಿ, ಎಸಿ. ಅವನು ಅರ್ಜಿ ಹಾಕಿದ, ಸಿಕ್ಕಿತು, ಜುಲೈ ಎರಡಕ್ಕೆ ಹೋಗಿ ಕುಳಿತ. ನಿಯಮ ಇದ್ದದ್ದು ನಾಲ್ಕನೇ ಪುಟದಲ್ಲಿ. ನಾಲ್ಕನೇ ಪುಟ ಓದುವವರಿಗೆ ಪ್ರಮೋಷನ್ ಸಿಗುವುದಿಲ್ಲ ಎಂಬುದು ಅವನ ಅಭಿಪ್ರಾಯ.

ಒಟ್ಟು ಕೊರತೆ ಮೂವತ್ತು ದಿನ. ಮೂರು ವರ್ಷ ಐವತ್ತು ಡಿಗ್ರಿಯಲ್ಲಿ ಬೆಂದವನಿಗೆ ಮೂವತ್ತು ದಿನದ ಲೆಕ್ಕ ಹೇಳುತ್ತಾರೆ! ದಾಖಲೆ ತಿದ್ದಿ ತನ್ನ ಹಣ ತೆಗೆದುಕೊಂಡರೆ ಅದು ಕಳ್ಳತನವೇ ಅಲ್ಲ, ಅವನು ತೀರ್ಮಾನಿಸಿದ. ಕಳ್ಳ ಕಂಪನಿ. ತಾನು ಪೊಲೀಸ್.

ಸಾಲಕ್ಕಿಂತ ದೊಡ್ಡ ಕಂಟಕ ಇನ್ನೊಂದಿತ್ತು. ಆ ಸಾಲಕ್ಕೆ ಜಾಮೀನು ಹಾಕಿದವನು ಹೆಂಡತಿ ಅನಿಶಾಳ ಅಣ್ಣ ಲ್ಯಾನ್ಸ್‌ಲಾಟ್. ಐನ್ ಖಾಲಿದ್‌ನಲ್ಲಿ ವಿಲ್ಲಾ, ಬಾಯಿ ಮಾತ್ರ ಇಡೀ ಕತಾರಿನಲ್ಲಿ. ಪ್ರತಿ ಶುಕ್ರವಾರ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಇವರ ಫ್ಲ್ಯಾಟಿಗೆ ಊಟಕ್ಕೆ ಬರುತ್ತಿದ್ದ.

“ಎಂಥ ಜೋವಿನ್, ಮೂರನೇ ಕಂತು ಹೋಯ್ತಾ?” ಆ ಶುಕ್ರವಾರ ಅಂಜಲ್ ಮೀನಿನ ತುಂಡು ಬಿಡಿಸುತ್ತಾ ಕೇಳಿದ.

“ಪ್ರೋಸೆಸ್‌ನಲ್ಲಿ ಉಂಟು ಬಾವ.”

“ಪ್ರೋಸೆಸ್ ಎಲ್ಲ ಸರಿ. ಕಾಗದದಲ್ಲಿ ನನ್ನ ಸೈನ್ ಉಂಟು, ನೆನಪಿರಲಿ. ಬ್ಯಾಂಕಿನವರು ನೋಟಿಸ್ ಕಳಿಸುವುದು ನನ್ನ ಅಮ್ಮನ ಮನೆಗೆ. ಅಲ್ಲಿಂದ ಸುದ್ದಿ ಇಗರ್ಜಿಗೆ ಮುಟ್ಲಿಕ್ಕೆ ಎಷ್ಟು ದೂರ? ಹತ್ತು ಹೆಜ್ಜೆ.”

“ಊಟ ಮಾಡು ಅಣ್ಣ,” ಅನಿಶಾ ಹೇಳಿದಳು. “ಮುಳ್ಳು ಸಿಕ್ಕಿಹಾಕಿಕೊಂಡೀತು.”

ಲ್ಯಾನ್ಸ್‌ಲಾಟ್‌ನ ಗಂಟಲಿಗೆ ಮುಳ್ಳು ಸಿಕ್ಕುವ ದೃಶ್ಯವನ್ನು ಜೋವಿನ್ ಸ್ವಲ್ಪ ಹೊತ್ತು ಪ್ರೀತಿಯಿಂದ ಕಲ್ಪಿಸಿಕೊಂಡ. ನಂತರ ಹೇಳಿದ, “ಈ ತಿಂಗಳ ಒಳಗೆ ಆಗ್ತದೆ ಬಾವ. ಬರೆದು ಕೊಡ್ಲಾ?”

“ಬೇಡ ಮಾರಾಯ. ನೀನು ಬರೆದದ್ದಕ್ಕೂ ನಾನೇ ಜಾಮೀನು ಹಾಕಬೇಕಾದೀತು.”

ಮರುದಿನದಿಂದಲೇ ಕೆಲಸ ಶುರು. ರಂಜಾನ್ ತಿಂಗಳು. ಮಧ್ಯಾಹ್ನ ಎರಡಕ್ಕೆ ಲುಸೈಲ್ ಆಫೀಸ್ ಖಾಲಿ. ಆಫೀಸೆಂದರೆ ಒಂದು ಪೋರ್ಟಾ ಕ್ಯಾಬಿನ್, ಸುತ್ತ ಕ್ರೇನು, ಧೂಳು, ಇನ್ನೂ ಹುಟ್ಟದ ಊರು. ಬೀರುವಿನ ಬೀಗದಕೈ ಕೋಆರ್ಡಿನೇಟರ್ ಬಳಿಯೇ ಇರುತ್ತದೆ, ಅಂದರೆ ಜೋವಿನ್ ಬಳಿ. ಅವನ ಹಣ ಕಿತ್ತುಕೊಂಡ ಕೆಲಸವೇ ಅದನ್ನು ವಾಪಸು ತರುವ ಸಲಕರಣೆಯನ್ನೂ ಕೈಗಿಟ್ಟಿತ್ತು.

ಅಮೆರಿಕದ ಹೆಡ್ ಆಫೀಸಿಗೆ ಬೇಕಾದದ್ದು ಮೂರು ಕಾಗದ. ವರ್ಗಾವಣೆ ಆದೇಶ, ಜುಲೈ ತಿಂಗಳ ಟೈಮ್‌ಶೀಟ್, ಕ್ಯಾಂಪಿನ ಗೇಟಿನಲ್ಲಿ ಒಳಹೊಕ್ಕ ದಿನಗಳ ಪಟ್ಟಿ.

ಆದೇಶ ಸುಲಭ. ಸಹಿ ಮಾಡಿದ್ದ ಹಳೇ ಮ್ಯಾನೇಜರ್ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ್ದ. ಅವನ ಸಹಿ ತಟ್ಟೆಯಿಂದ ಬಿದ್ದ ನೂಡಲ್ಸಿನಂತಿತ್ತು. ಜೋವಿನ್ ಒಂದು ಮಧ್ಯಾಹ್ನ ನಲವತ್ತು ನೂಡಲ್ಸ್ ಬೀಳಿಸಿ ಅಭ್ಯಾಸ ಮಾಡಿದ. ‘ಕೆಲಸ ಹಸ್ತಾಂತರ ಬಾಕಿಯಿರುವುದರಿಂದ ವರ್ಗಾವಣೆಯನ್ನು ಆಗಸ್ಟ್ ಎರಡಕ್ಕೆ ಮುಂದೂಡಲಾಗಿದೆ’ ಎಂಬ ಪರಿಷ್ಕೃತ ಆದೇಶ ಹುಟ್ಟಿತು. ಅದನ್ನು ಫೈಲಿನಲ್ಲಿ ಹಾಕುವ ಮೊದಲು ಎರಡು ದಿನ ಕಿಟಕಿಯ ಬಿಸಿಲಿಗೆ ಇಟ್ಟು ಸ್ವಲ್ಪ ವಯಸ್ಸು ಮಾಡಿದ.

ಲುಸೈಲಿನಲ್ಲಿ ಅವನನ್ನು ಜುಲೈಯಲ್ಲಿ ನೋಡಿದವರು? ಯಾರೂ ಇಲ್ಲ. ಜುಲೈಯಲ್ಲಿ ಕತಾರಿನಲ್ಲಿ ಉಳಿಯುವುದು ಬಿಸಿಲು ಮತ್ತು ಹೊಸದಾಗಿ ಪ್ರಮೋಷನ್ ಆದವರು. ಈಜಿಪ್ಟಿನ ಇಂಜಿನಿಯರ್ ಕೈರೋದಲ್ಲಿದ್ದ. ಈಗಿನ ಎಚ್.ಆರ್. ರತ್ನಪ್ರಭಾ ಮೈಸೂರಿನಿಂದ ಬಂದದ್ದೇ ಆಗಸ್ಟ್ ಕೊನೆಗೆ.

ಟೈಮ್‌ಶೀಟ್ ಬರೆಯುವಾಗ ಅವನು ಕಲಾವಿದನಾದ. ಮೂವತ್ತು ದಿನದಲ್ಲಿ ನಾಲ್ಕು ಶುಕ್ರವಾರ ಕಳೆದು ಇಪ್ಪತ್ತಾರು ಹಾಜರಿ. ಎಲ್ಲ ದಿನವೂ ಸರಿಯಾಗಿ ಏಳಕ್ಕೆ ಬಂದ ಎಂದು ಮೂರ್ಖರು ಬರೆಯುತ್ತಾರೆ. ಸುಳ್ಳಿಗೂ ಒಂದೊಂದು ದಿನ ನೆಗಡಿಯಾಗಬೇಕು. ಹದಿಮೂರನೇ ತಾರೀಕು ಮರಳುಗಾಳಿ ಬೀಸಿದ್ದು ಅವನಿಗೆ ನೆನಪಿತ್ತು. ಆ ದಿನ ನಲವತ್ತು ನಿಮಿಷ ತಡ ಎಂದು ಬರೆದ. ಇಪ್ಪತ್ತೆರಡಕ್ಕೆ ಎಕ್ಸ್‌ರೇ ಮೆಷಿನಿನ ಕೇಬಲ್ ಬದಲಾಯಿಸಿದ. ಆ ಕೇಬಲ್ ನಿಜವಾಗಿ ಬದಲಾಗಿತ್ತು, ಬದಲಾಯಿಸಿದವನು ಬೇರೆ. ಆದರೆ ಅವನೂ ಈಗ ಕೆಲಸ ಬಿಟ್ಟು ಕುವೈತ್‌ನಲ್ಲಿದ್ದ. ಕೊನೆಗೆ ಹಾಳೆಯ ಮೂಲೆಯಲ್ಲಿ ಚಹಾದ ಲೋಟ ಇಟ್ಟು ತೆಗೆದ. ಉಂಗುರ ಅಚ್ಚುಕಟ್ಟಾಗಿ ಮೂಡಿತು.

ಸಾಕ್ಷಿಯ ಸಹಿ ಕ್ಯಾಂಪಿನ ಸಾರ್ಜೆಂಟ್‌ನದ್ದು ಬೇಕು. ಅದನ್ನು ನಕಲು ಮಾಡುವ ಅಗತ್ಯವೇ ಇರಲಿಲ್ಲ. ಸಾರ್ಜೆಂಟ್ ತಿಂಗಳ ಕೊನೆಗೆ ಊರಿಗೆ ಹೊರಡುವವನು, ಮನಸ್ಸು ಆಗಲೇ ವಿಮಾನ ಹತ್ತಿತ್ತು. ಜೋವಿನ್ ಬೇರೆ ಆರು ಜನರ ಬಾಕಿ ಕಾಗದದ ನಡುವೆ ತನ್ನದನ್ನು ಸೇರಿಸಿ, ಸಹಿಯ ಜಾಗಕ್ಕೆಲ್ಲ ಹಳದಿ ಚೀಟಿ ಅಂಟಿಸಿ, ಕ್ಯಾಂಪಿನ ಬಸ್ ಓಡಿಸುವ ಪೊಡಿಯಬ್ಬನ ಕೈಗೆ ಲಕೋಟೆ ಕೊಟ್ಟ. ಪೊಡಿಯಬ್ಬ ಉಳ್ಳಾಲದವರು, ಇಪ್ಪತ್ತು ವರ್ಷದಿಂದ ಕತಾರಿನ ಸ್ಟೇರಿಂಗ್ ಹಿಡಿದವರು.

“ಎಂಥದು ಇದು, ಇಷ್ಟು ದಪ್ಪ? ಗೇಟಲ್ಲಿ ನಾಯಿ ಮೂಸಿದ್ರೆ ಬೊಗಳುವುದಿಲ್ಲ ಅಲ್ಲ?”

“ಟೈಮ್‌ಶೀಟ್, ಪೊಡಿಯಬ್ಬಾಕ. ಸಾರ್ಜೆಂಟ್ ಸೈನ್ ಹಾಕಿದ್ರೆ ವಾಪಸ್ ತನ್ನಿ.”

“ಅವ ಎಂಥಕ್ಕೂ ಹಾಕ್ತಾನೆ. ಮೊನ್ನೆ ನನ್ನ ಮೀನಿನ ಬಿಲ್ಲಿಗೂ ಹಾಕಿದ.” ಪೊಡಿಯಬ್ಬ ಲಕೋಟೆಯೊಳಗೆ ಇಣುಕಿದರು. “ಇದರಲ್ಲಿ ನಿನ್ನ ಹೆಸರೂ ಉಂಟಲ್ಲ? ಜುಲೈಯಲ್ಲಿ ನೀನು ನನ್ನ ಬಸ್ಸಲ್ಲಿ ಇರ್ಲೇ ಇಲ್ಲ ಮಾರಾಯ.”

“ಇದ್ದೆ. ಹಿಂದಿನ ಸೀಟಲ್ಲಿ ಮಲಗಿದ್ದೆ.”

“ಒಂದು ತಿಂಗಳಾ?”

“ಬಿಸಿಲು ಅಲ್ವಾ.”

ಪೊಡಿಯಬ್ಬ ಲಕೋಟೆಯನ್ನು ಸ್ಟೇರಿಂಗಿನ ಪಕ್ಕಕ್ಕೆ ತುರುಕಿದರು. “ಆಯ್ತು. ನಾನು ಮುಂದೆ ನೋಡಿ ಓಡಿಸುವವ. ಹಿಂದೆ ಎಂಥ ಉಂಟು ನಂಗೆ ಗೊತ್ತಿಲ್ಲ. ಯಲ್ಲಾ, ಇಳಿ.”

ಎರಡು ದಿನಕ್ಕೆ ಸಹಿ ಬಂತು. ಸಾರ್ಜೆಂಟ್ ಚಹಾದ ಉಂಗುರದ ಮೇಲೂ ಒಂದು ಸಹಿ ಹಾಕಿದ್ದ.

ಉಳಿದದ್ದು ಗೇಟಿನ ಪಟ್ಟಿ. ಕ್ಯಾಂಪಿನಿಂದ ಬರುವ ಪ್ರತಿಗಳನ್ನು ನೋಡಿ ತಿಂಗಳ ಪಟ್ಟಿ ಟೈಪ್ ಮಾಡುವುದು ಕೋಆರ್ಡಿನೇಟರ್ ಕೆಲಸ. ಜೋವಿನ್ ಜುಲೈ ಪಟ್ಟಿಯಲ್ಲಿ ತನ್ನ ಹೆಸರಿನ ಒಂದು ಸಾಲು ಹೆಚ್ಚು ಟೈಪ್ ಮಾಡಿ, ಬೀರುವಿನಲ್ಲಿದ್ದ ಪ್ರತಿಗಳನ್ನು ಹರಿದು ಹಾಕಿದ. ಮೂಲ ರಿಜಿಸ್ಟರನ್ನು ಕ್ಯಾಂಪಿನವರು ಮೂವತ್ತು ದಿನ ಕಳೆದರೆ ಮೆಷಿನಿಗೆ ಕೊಟ್ಟು ಚೂರು ಮಾಡುತ್ತಾರೆ. ಮೂರು ವರ್ಷ ಅದೇ ಮೆಷಿನ್ ಕೆಟ್ಟಾಗಲೆಲ್ಲ ರಿಪೇರಿ ಮಾಡಿಕೊಟ್ಟವನು ಅವನೇ. ಜುಲೈ ತಿಂಗಳು ಭೂಮಿಯ ಮೇಲೆ ಈಗ ಅವನ ಕಂಪ್ಯೂಟರಿನಲ್ಲಿ ಬಿಟ್ಟರೆ ಎಲ್ಲೂ ಇರಲಿಲ್ಲ.

ಒಂದೇ ಒಂದು ತೂತು ಕಂಡಿತು. ಜುಲೈ ಸಂಬಳದಲ್ಲಿ ಆರುನೂರು ರಿಯಾಲ್ ಹೆಚ್ಚಿಗೆ ಬಂದಿತ್ತು. ಕ್ಯಾಂಪಿನಲ್ಲೇ ಇದ್ದವನಿಗೆ ಅದೇಕೆ ಬಂತು? ಒಂದು ದಿನ ಯೋಚಿಸಿ ಅವನು ತೂತಿಗೆ ತೇಪೆ ಹಾಕಿದ್ದಲ್ಲದೆ ಅದರ ಮೇಲೆ ಕಸೂತಿಯನ್ನೂ ಬಿಡಿಸಿದ. ‘ನನ್ನ ವರ್ಗಾವಣೆ ಆಗಸ್ಟಿನಲ್ಲಿ ಆದ ಕಾರಣ ಜುಲೈಯ ಹೆಚ್ಚುವರಿ ಆರುನೂರು ರಿಯಾಲ್ ತಪ್ಪಿ ಬಂದಿದೆ, ದಯವಿಟ್ಟು ಕಡಿತ ಮಾಡಿ’ ಎಂದು ಪತ್ರ ಬರೆದು ರತ್ನಪ್ರಭಾರ ಮೇಜಿನ ಮೇಲಿಟ್ಟ.

ರತ್ನಪ್ರಭಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು.

“ಏನ್ರೀ ಜೋವಿನ್, ಸಂಬಳ ವಾಪಸ್ ಕೊಡ್ತಿದೀರಾ? ಹದಿನೆಂಟು ವರ್ಷ ಆಯ್ತು ನಾನು ಎಚ್.ಆರ್. ಆಗಿ. ಹೀಗೆ ಬರ್ಕೊಟ್ಟವರನ್ನ ನೋಡೇ ಇಲ್ಲ.”

“ನಮ್ಮದಲ್ಲದ್ದು ನಮಗೆ ಯಾಕೆ ಮೇಡಂ?”

“ಅಲ್ಲಾ, ಎಂಥ ಮಾತು! ಇರಿ, ಇದರ ಕಾಪಿ ಹೆಡ್ ಆಫೀಸಿಗೂ ಕಳಿಸ್ತೀನಿ. ನಿಮ್ಮ ಸಾಲದ ಕ್ಲೇಮ್ ಜೊತೆಗೇ ಹೋಗ್ಲಿ. ಒಳ್ಳೆಯವರ ಕೆಲಸ ಬೇಗ ಆಗ್ಬೇಕು.”

ಜೋವಿನ್ ತಲೆ ತಗ್ಗಿಸಿದ. ನಗು ಕಾಣಬಾರದೆಂದು. ಹೊರಗೆ ಬಂದು ಬಿಸಿಲಿನಲ್ಲಿ ನಿಂತು, ಕಟ್ಟುತ್ತಿದ್ದ ಇಡೀ ಲುಸೈಲಿಗೆ ಕೇಳುವ ಹಾಗೆ ಒಮ್ಮೆ ಗಟ್ಟಿಯಾಗಿ ಸೀನಿದ. ನಾಲ್ಕನೇ ಪುಟ ಬರೆದ ಆ ಅಮೆರಿಕದ ಮಹಾಶಯ ಯಾರೋ, ಅವನಿಗೆ ಮುಟ್ಟಲಿ ಎಂದು.

ಹತ್ತು ದಿನಕ್ಕೆ ಉತ್ತರ ಬಂತು. ‘ದಿನಾಂಕ ತಿದ್ದಲಾಗಿದೆ. ಕ್ಲೇಮ್ ತಾತ್ಕಾಲಿಕವಾಗಿ ಅಂಗೀಕೃತ.’ ತಾತ್ಕಾಲಿಕ ಎಂಬ ಶಬ್ದವನ್ನು ಅವನು ಗಮನಿಸಿದ, ಕ್ಷಮಿಸಿದ. ಈ ಲೋಕದಲ್ಲಿ ತಾತ್ಕಾಲಿಕವಲ್ಲದ್ದು ಏನಿದೆ, ಕತಾರಿನ ವೀಸಾ ಕೂಡ ಹಾಗೆಯೇ. ಈದ್ ರಜೆಯಲ್ಲಿ ಲ್ಯಾನ್ಸ್‌ಲಾಟ್ ಊಟಕ್ಕೆ ಬಂದಾಗ ಇಮೇಲಿನ ಪ್ರಿಂಟನ್ನು ತಟ್ಟೆಯ ಪಕ್ಕಕ್ಕೆ, ಉಪ್ಪಿನಕಾಯಿಯ ಜಾಗದಲ್ಲಿ ಇಟ್ಟ.

“ನೋಡಿ ಬಾವ. ನಿಮ್ಮ ಸೈನಿಗೆ ಬಿಡುಗಡೆ.”

ಲ್ಯಾನ್ಸ್‌ಲಾಟ್ ಎರಡು ಸಲ ಓದಿದ. ಟೀಕಿಸಲು ಏನಾದರೂ ಸಿಗುತ್ತದೆಯೇ ಎಂದು ಹಿಂದೆ ತಿರುಗಿಸಿಯೂ ನೋಡಿದ. “ಕಂಪನಿ ಒಳ್ಳೇದುಂಟು ಮಾರಾಯ,” ಎಂದ ಕೊನೆಗೆ. “ಇಂಥವನಿಗೂ ಕೊಡ್ತಾರಲ್ಲ.”

“ಕಂಪನಿ ಕೊಟ್ಟದ್ದಲ್ಲ ಬಾವ. ನಾನು ತಗೊಂಡದ್ದು.”

ಅನಿಶಾ ಗಂಡನನ್ನು ಒಂದು ಕ್ಷಣ ದಿಟ್ಟಿಸಿ, ಅನ್ನ ಬಡಿಸಲು ಎದ್ದಳು. ಆ ದಿನ ಜೋವಿನ್ ಮೂರು ಸಲ ಅನ್ನ ಹಾಕಿಸಿಕೊಂಡ.

ಅಕ್ಟೋಬರ್ ಎರಡನೇ ವಾರ ರತ್ನಪ್ರಭಾ ಅವನನ್ನು ಕರೆದರು. ಮೇಜಿನ ಮೇಲೆ ಕ್ಯಾಂಪಿನ ಗೇಟಿನಿಂದ ಫ್ಯಾಕ್ಸ್ ಆಗಿ ಬಂದ ಒಂದು ಹಾಳೆ ಇತ್ತು. ಅವನು ಕುಳಿತುಕೊಳ್ಳುವ ಮೊದಲೇ ಕಾಲಿನ ಮೇಲೆ ಕಾಲು ಹಾಕಿಕೊಳ್ಳುವುದನ್ನು ಮನಸ್ಸಿನಲ್ಲಿ ಮುಗಿಸಿದ್ದ. ಯಾವ ಪ್ರಶ್ನೆ ಬಂದರೂ ಉತ್ತರ ಇತ್ತು.

“ದುಡ್ಡು ಕಳ್ಸೋ ಮುಂಚೆ ನಿಮ್ಮ ಸೈನ್ ಟ್ಯಾಲಿ ಮಾಡ್ಬೇಕಂತೆ,” ಎಂದರು ರತ್ನಪ್ರಭಾ. “ಬರೀ ಫಾರ್ಮಾಲಿಟಿ. ಜುಲೈಯಲ್ಲಿ ನೀವು ಸೈನ್ ಮಾಡಿರೋ ಯಾವ್ದಾದ್ರೂ ಪೇಪರ್ ಇದ್ರೆ ಕೊಡಿ ಅಂತ ಹೆಡ್ ಆಫೀಸಿನೋರೇ ಕ್ಯಾಂಪಿಗೆ ಕೇಳಿದಾರೆ. ಹುಡುಕಿದ್ದಕ್ಕೆ ಒಂದೇ ಒಂದು ಹಾಳೆ ಸಿಕ್ತಂತೆ. ಅವರಿಗೂ ಕಳ್ಸಿದಾರೆ, ನನಗೂ ಒಂದು ಕಾಪಿ. ಸೈನ್ ಏನೋ ಪಕ್ಕಾ ಟ್ಯಾಲಿ ಆಗತ್ತೆ ಕಣ್ರೀ.” ಅವರು ನಿಟ್ಟುಸಿರು ಬಿಟ್ಟು ಹಾಳೆಯನ್ನು ಅವನತ್ತ ತಿರುಗಿಸಿದರು.

ಜನ ಒಳಹೊಕ್ಕ ರಿಜಿಸ್ಟರ್ ಅಲ್ಲ ಅದು. ಸೈನ್ಯಕ್ಕೆ ಮನುಷ್ಯರಿಗಿಂತ ತಿಂಡಿಯ ಭಯ ಹೆಚ್ಚು. ಯಾರಾದರೂ ವಿಷ ಹಾಕಿದರೆ ಎಂದು, ಹೊರಗಿನಿಂದ ಬಂದ ತಿನಿಸಿನ ಪುಸ್ತಕವನ್ನು ಒಂದು ವರ್ಷ ಜೋಪಾನವಾಗಿ ಇಡುತ್ತದೆ. ಪ್ರಮೋಷನ್ ಸಿಕ್ಕವನು ಬಾಯಿ ಸಿಹಿ ಮಾಡಿಸದೆ ಆಫೀಸ್ ಬಿಟ್ಟು ಹೋಗುವುದುಂಟೇ? ಹಾಗೆ ಹೋದವನನ್ನು ಜೋವಿನ್ ತನ್ನ ಜನ್ಮದಲ್ಲಿ ನೋಡಿರಲಿಲ್ಲ, ಆದ್ದರಿಂದಲೇ ಅದೊಂದು ಸಂಗತಿ ಎಂದೇ ಅವನಿಗೆ ಹೊಳೆದಿರಲಿಲ್ಲ. ಹಾಳೆಯಲ್ಲಿ ಅವನದೇ ದುಂಡನೆಯ ಅಕ್ಷರ: ‘ಜುಲೈ ೧, ೨೦೦೮. ಬೂಂದಿ ಲಾಡು, ಎರಡು ಕಿಲೋ. ಕಾರಣ: ನನಗೆ ಪ್ರಮೋಷನ್, ನಾಳೆಯಿಂದ ಲುಸೈಲ್, ಕ್ಯಾಂಪಿನಲ್ಲಿ ಇಂದೇ ಕೊನೆಯ ದಿನ.’ ಕೆಳಗೆ, ಎರಡು ಚುಕ್ಕಿ ಸಮೇತ, ಅವನ ಸಹಿ. ಅದರ ಪಕ್ಕದ ಪರಿಶೀಲನೆಯ ಕಾಲಂನಲ್ಲಿ ಕಾವಲಿನ ಸೈನಿಕ ಬರೆದಿದ್ದ: ‘ಒಂದು ತಿಂದು ನೋಡಿದೆ. ಅಪಾಯವಿಲ್ಲ.’