ಬರೇ ತುಟಿ ಸಾಲದು

ಊಟಕ್ಕೆಂದು ಮಗ್ಗಗಳು ನಿಂತ ಅರ್ಧ ಗಂಟೆಯೇ ಕೂಸುಗಳು ಮಾತು ಕಲಿಯುವ ಬಗೆಯ ಸಂಶೋಧನೆಗೆಂದು ಧಾರವಾಡದಿಂದ ಬಂದಿದ್ದ ಅಕ್ಷತಾಗೆ ಸಿಕ್ಕ ಸಮಯ. ಬನಹಟ್ಟಿಯ ಆ ಶೆಡ್ಡಿನ ಮೂಲೆಯಲ್ಲಿ, ಮಾದೇವಿಯ ತೊಡೆಯ ಮೇಲೆ ಐದು ತಿಂಗಳ ಮಗಳು ಶೇವಂತಿ. ಎದುರಿನ ಲ್ಯಾಪ್‌ಟಾಪಿನಲ್ಲಿ ಕೂಸಿನ ಸೋದರಮಾವ ಪರಮಾನಂದನ ಮುಖದ ಎರಡು ವಿಡಿಯೊ: ಎಡಗಡೆಯದು 'ಆ' ಎಂದು ಬಾಯಿ ತೆರೆಯುತ್ತಿತ್ತು, ಬಲಗಡೆಯದು 'ಈ' ಎಂದು. ನಡುವಿನ ಸ್ಪೀಕರಿನಿಂದ ಬಂದದ್ದು ಅವನ ಧ್ವನಿಯ 'ಆ' ಒಂದೇ.

ಶೇವಂತಿ ಎಡಕ್ಕೆ ನೋಡಿದಳು. ನೋಡುತ್ತಲೇ ಇದ್ದಳು.

"ಕಿವಿಗೆ ಬಿದ್ದದ್ದು ಯಾವ ಬಾಯಿದು ಅಂತ ಕಣ್ಣು ಹುಡುಕಿತು ನೋಡ್ರಿ!" ಅಕ್ಷತಾ ಕುಣಿಯುವುದೊಂದು ಬಾಕಿ. "ಇನ್ನೂ ಮಾತು ಬಂದಿಲ್ಲ, ಆಗಲೇ ಮಿದುಳು ಎರಡೂ ಕೂಡಸಾಕತ್ತೇತಿ!"

ಅವಳ ಪ್ರಯೋಗಕ್ಕೆ ಇದು ಕೊನೆಯ ಕೂಸು. ಎರಡೂವರೆಯ ಬಸ್ಸಿಗೆ ಅವಳು ಧಾರವಾಡಕ್ಕೆ ಹೊರಡಬೇಕು. ಪರಮಾನಂದ ಏನಾದರೂ ಹೇಳಿಯಾನೆಂದು ಮೂರು ವಾರ ಕಾದದ್ದಷ್ಟೇ ಬಂತು.

ಮಗ್ಗಗಳು ಮತ್ತೆ ಅಬ್ಬರಿಸಿದವು. ಆ ಸದ್ದಿನಲ್ಲಿ ನೇಕಾರರು ಕೂಗುವುದಿಲ್ಲ. ತುಟಿ ಅಗಲಿಸಿ ಮಾತಾಡುತ್ತಾರೆ, ಎದುರಿನವರು ನೋಡಿಯೇ ತಿಳಿಯುತ್ತಾರೆ. ನಾಲ್ಕು ಮಗ್ಗಗಳಾಚೆ ಪರಮಾನಂದನ ತುಟಿಗಳೂ ಆಡುತ್ತಿದ್ದವು, ಕಣ್ಣು ಅವಳ ಮೇಲೆಯೇ. ಅವಳು ನಕ್ಕು ಕೈ ಬೀಸಿದಳು. ಅವನ ಮುಖ ಬಾಡಿತು.

ಮಾದೇವಿ ಅವಳ ಕಿವಿಗೆ ಬಾಯಿಟ್ಟು ಕೂಗಿದಳು: "ಎಂಥಾಕಿ ಬೇ ನೀ! ಮೂರ್ ದಿನಾ ಆತು, 'ನನ್ನ ಮದುವಿ ಆಗ್ತೀರೇನ್ರಿ' ಅಂತ ನನ್ನ ತಮ್ಮ ಕೇಳಾಕತ್ತು. ನೀ ನಕ್ಕೋಂತ ಹೊಂಟ್ ಬಿಡ್ತಿ!"

"ನನಗ?"

"ಇಡೀ ಶೆಡ್ಡಿಗೆ ಗೊತ್ತೈತಿ. ನಿನಗೊಬ್ಬಾಕಿಗೆ ಗೊತ್ತಿಲ್ಲ."

ಅಕ್ಷತಾಳ ಕೆನ್ನೆ ಕೆಂಪಾಯಿತು. ತುಟಿ, ಧ್ವನಿ ಎಂದು ಎರಡು ವರ್ಷ ಓದಿದವಳಿಗೆ ಆ ಒಂದು ವಾಕ್ಯ ಗೊತ್ತಾಗಿರಲಿಲ್ಲ. ಬ್ಯಾಗು ಅಲ್ಲೇ ಬಿಟ್ಟು, ಮಗ್ಗಗಳ ಸಂದಿಯಲ್ಲಿ ಹಾದು ಅವನ ಮುಂದೆ ನಿಂತಳು.

"ಕೂಸಿಗಾದ್ರ ಬಾಯೀನೂ ಕೊಟ್ರಿ, ಧ್ವನೀನೂ ಕೊಟ್ರಿ," ಎಂದು ಕೂಗಿದಳು. "ನನಗ ಬರೇ ಬಾಯೇನ್ರಿ?"

ಪರಮಾನಂದ ಗೋಡೆಗೆ ಕೈ ಚಾಚಿ ಮೇನ್ ಸ್ವಿಚ್ ಇಳಿಸಿದ. ಹನ್ನೆರಡು ಮಗ್ಗಗಳು ಸುಮ್ಮನಾದವು. ಶೆಡ್ಡಿನ ತಲೆಗಳೆಲ್ಲ ಇತ್ತ ತಿರುಗಿದವು.

"ನನ್ನ... ಮದುವಿ ಆಗ್ತೀರೇನ್ರಿ?"

"ಇನ್ನೊಮ್ಮೆ ಹೇಳ್ರಿ. ನಮ್ಮ ಪ್ರಯೋಗದಾಗ ಒಂದ್ ಸಲದ್ದು ನಂಬೂದಿಲ್ಲ."

ಇನ್ನೊಮ್ಮೆ ಹೇಳಿದ. ಈ ಸಲ ಇಡೀ ಶೆಡ್ಡಿಗೆ ಕೇಳಿಸುವಂತೆ.

"ಆಗ್ತೀನ್ರಿ," ಎಂದಳು. "ಆದ್ರ ನನ್ನ ಕೆಲಸಾ ಬಿಡೂದಿಲ್ಲ ಮತ್ತ."

"ಬಿಡ್ರಿ ಅಂದಾವರ್ಯಾರ್ರಿ?"

"ಆತಿಲ್ಲೋ?" ಮಾದೇವಿ ಅತ್ತಲಿಂದ ಕೂಗಿದಳು. "ಮಗ್ಗ ಚಾಲೂ ಮಾಡ್ಲೇ!"

ಪರಮಾನಂದನ ಕೈ ಸ್ವಿಚ್ಚಿನ ಮೇಲೆಯೇ ಇತ್ತು. ಅದನ್ನು ಮತ್ತೆ ಮೇಲೆತ್ತಿ ಮಗ್ಗ ನಡೆಸುವುದು ಅವನಿಗೆ ಹೊಳೆಯಲಿಲ್ಲ.