ಮಹಾಪ್ರಾಣದ ಸಾಕ್ಷಿ

ರಕ್ತನಿಧಿಯ ತಂತ್ರಜ್ಞೆ ಕುರ್ಚಿ ಬೇಡವೆಂದು ನಿಂತೇ ಮಾತಾಡಿದಳು.

"ಈ ಚೀಲದ ರಕ್ತದ ಅವಧಿ ಮುಗಿದು ಆರು ದಿನ ಆಗಿತ್ತು. ನಿಮ್ಮ ತಂತ್ರಾಂಶ ಕೊಡಬಹುದು ಅಂತ ಹಸಿರು ತೋರಿಸ್ತು. ನಾನು ಚೀಲದ ಮೇಲಿನ ಚೀಟಿ ಓದದೇ ಇದ್ದಿದ್ರೆ ಒಬ್ಬ ಬಾಣಂತಿಗೆ ಅದನ್ನೇ ಏರಿಸ್ತಿದ್ವಿ."

ಕೈಪಿಡಿಕಾರ ಬರೆಯುವುದನ್ನು ಬಿಟ್ಟು ತಲೆಯೆತ್ತಿದ. ಆ ತಂತ್ರಾಂಶ ಯಾರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಪಡೆದು, ತಿದ್ದಿ, ಕಳಿಸಬಹುದಾದದ್ದು. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅದನ್ನು ಕಾಯುವವರು ಮೂವರು: ಪರದೆಯ ಸಂದೇಶಗಳನ್ನೂ ಕೈಪಿಡಿಯನ್ನೂ ಬರೆಯುವ ಅವನು, ಹೊಸ ಸೌಲಭ್ಯಗಳ ಮುಖ್ಯಸ್ಥರಾದ ಸಾಹೇಬರು, ಆವೃತ್ತಿಗಳನ್ನು ಬಿಡುಗಡೆ ಮಾಡುವ ಅಕ್ಕ. ಏನೇ ಎಡವಟ್ಟಾದರೂ ಪತ್ತೆಹಚ್ಚುವವರು ಅಕ್ಕನೇ.

"ರಕ್ತದ ಅವಧಿ ನೋಡೋ ಆ ಹೊಸ ಸೌಲಭ್ಯ ಬರೆದಿದ್ದು ನರ್ಸಮ್ಮ," ಎಂದರು ಸಾಹೇಬರು. "ವಾರ್ಡಿನ ಕೆಲಸದ ಬಿಡುವಿನಲ್ಲಿ ಕೋಡ್ ಬರೆಯೋರನ್ನ ನಂಬಿದ್ರೆ ಹೀಗೇ. ಪರೀಕ್ಷೆ ಆಗಿದೆ ಅಂತ ಆಕೆಯೇ ವರದಿ ಕೊಟ್ಟಿದ್ದಾಳೆ, ನಾನು ಸೇರಿಸಿದೆ. ಆಕೇನ ತೆಗೆದುಹಾಕಿ."

ಸಾಹೇಬರು ಮೂರು ವರ್ಷದಿಂದ ಒಂದು ಸಾಲು ಕೋಡ್ ಬರೆದವರಲ್ಲ. ವೇದಿಕೆ ಹತ್ತಿ "ನಾವು ಕಟ್ಟಿದೆವು" ಎನ್ನುವುದರಲ್ಲಿ ಮಾತ್ರ ಎತ್ತಿದ ಕೈ. ಹನ್ನೊಂದನೇ ತಾರೀಖಿನ ಸಮ್ಮೇಳನದಲ್ಲೂ ಇದೇ ಸೌಲಭ್ಯದ ಬಗ್ಗೆ ಒಂದು ಗಂಟೆ ಕೊರೆದು ಬಂದಿದ್ದರು.

ಅಲ್ಲಿಯ ನಿಯಮ ಸರಳ. ಹೊಸದು ಎರಡು ವಾರ ಪರೀಕ್ಷಾ ಪ್ರತಿಯಲ್ಲಿ ಓಡಬೇಕು, ವರದಿ ಐದನೇ ತಾರೀಖಿನೊಳಗೆ ಬರಬೇಕು. ಆಮೇಲೆ ಬರುವ ಹೊಸದು ಮುಂದಿನ ಆವೃತ್ತಿಗೆ; ಈ ಆವೃತ್ತಿಗೆ ರಿಪೇರಿ ಮಾತ್ರ. ನರ್ಸಮ್ಮನ ಹೆಸರಿನ ವರದಿಯಲ್ಲಿ ನಾಲ್ಕನೇ ತಾರೀಖಿತ್ತು. ಸಾಹೇಬರು ಆ ಸೌಲಭ್ಯವನ್ನು ಆವೃತ್ತಿಯೊಳಗೆ ವಿಲೀನ ಮಾಡಿದ್ದು ಹತ್ತಕ್ಕೆ.

ವರದಿಗೆ ಅಂಟಿಸಿದ್ದ ಪರದೆಯ ಚಿತ್ರವನ್ನು ಅಕ್ಕ ಹಿಗ್ಗಿಸಿ ನೋಡಿದರು. ಅದರಲ್ಲಿ "ಅವಧಿ ಮುಗಿದಿದೆ" ಎಂದಿತ್ತು.

"ಏನಪ್ಪಾ, ಈ ಪದ ನೀನು ತಿದ್ದಿದ್ದು ಯಾವತ್ತು?"

"ಒಂಬತ್ತನೇ ತಾರೀಖು, ಅಕ್ಕ. ಅಲ್ಲೀವರೆಗೂ 'ಅವದಿ' ಅಂತಿತ್ತು. ನೋಡಿದಾಗಲೆಲ್ಲ ಮೈ ಉರೀತಿತ್ತು."

ಅಕ್ಕ ಫೋನ್ ಎತ್ತಿಕೊಂಡರು. ನಾಲ್ಕು ಗಂಟೆಗೆ ಎಲ್ಲರೂ ಸೇರಬೇಕು, ನರ್ಸಮ್ಮ ತನ್ನ ಕಂಪ್ಯೂಟರ್ ತರಬೇಕು ಎಂದರು.

ನರ್ಸಮ್ಮ ವಾರ್ಡಿನಿಂದ ನೇರವಾಗಿ ಬಂದಳು. ಕಣ್ಣು ಕೆಂಪಾಗಿತ್ತು. "ವರದಿ ನಾನು ಬರೆದೇ ಇಲ್ಲ."

"ಎಲ್ಲರೂ ಹಾಗೇ ಅಂತಾರೆ," ಎಂದು ಸಾಹೇಬರು ಮೂಗು ಮುರಿದರು.

ಅಕ್ಕ ಅವಳ ಕಂಪ್ಯೂಟರನ್ನು ಎಲ್ಲರ ಕಡೆ ತಿರುಗಿಸಿದರು. "ಇವಳ ಹತ್ರ ಇರೋದು ಹೋದ ತಿಂಗಳ ಪ್ರತಿ. ಇವತ್ತಿಗೂ 'ಅವದಿ' ಅಂತಲೇ ಇದೆ. ವರದಿಯ ಚಿತ್ರದಲ್ಲಿ 'ಅವಧಿ'. ನಾಲ್ಕನೇ ತಾರೀಖು ಆ ಅಕ್ಷರ ಎಲ್ಲೂ ಇರಲಿಲ್ಲ. ಅಂದ್ರೆ ವರದಿ ಹುಟ್ಟಿದ್ದು ಒಂಬತ್ತರ ನಂತರ, ತಾರೀಖು ಸುಳ್ಳು. ಸೌಲಭ್ಯ ಸೇರಿದ ಹತ್ತನೇ ತಾರೀಖಿನವರೆಗೂ ತಿದ್ದಿದ ಪ್ರತಿ ಹೊರಗೆ ಹೋಗಿರಲಿಲ್ಲ, ಈ ಕೋಣೆಯ ಯಂತ್ರದಲ್ಲಿ ಮಾತ್ರ ಇತ್ತು. ಕೋಣೆಯ ಬೀಗದ ಕೈ ಇರೋದು ಮೂವರ ಹತ್ರ. ನಾನು ಆ ವಾರ ಕಣ್ಣಿನ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದೆ. ಇವನು ತಾನೇ ತಿದ್ದಿದ ಅಕ್ಷರವನ್ನ ಹಳೇ ತಾರೀಖಿನ ಕೆಳಗೆ ಅಂಟಿಸುವಷ್ಟು ದಡ್ಡನಲ್ಲ. ಉಳಿದವರು, ಹನ್ನೊಂದಕ್ಕೆ ವೇದಿಕೆ ಹತ್ತಬೇಕಾಗಿದ್ದವರು."

ಎಲ್ಲರೂ ಸಾಹೇಬರ ಕಡೆ ತಿರುಗಿದರು.

"ದಿನಾಂಕದ ಲೆಕ್ಕ ಸರಿ ಬರ್ತಿಲ್ಲ, ಈಗ ಸೇರಿಸ್ಬೇಡಿ ಅಂತ ನಿಮಗೆ ಹೇಳಿದ್ದೆನಲ್ಲಾ ಸಾರ್," ಎಂದಳು ನರ್ಸಮ್ಮ.

ಸಾಹೇಬರು ಕಾಲರ್ ಸರಿಮಾಡಿಕೊಂಡರು. "ವರದಿ ಒಂದು ಔಪಚಾರಿಕತೆ. ಜನಕ್ಕೆ ಹೊಸದು ಬೇಕು."

"ಸತ್ತೋರಿಗೆ ಹೊಸದೂ ಬೇಡ, ಹಳೇದೂ ಬೇಡ," ಎಂದರು ಅಕ್ಕ. "ನಿಮ್ಮ ವಿಲೀನದ ಅಧಿಕಾರ ಈಗಲೇ ತೆಗೆದಿದ್ದೀನಿ. ಬೀಗದ ಕೈ ಮೇಜಿನ ಮೇಲಿಡಿ."

ಅರ್ಧ ಗಂಟೆಯಲ್ಲಿ ಸೌಲಭ್ಯವನ್ನು ಕಿತ್ತು, ಹಿಂದಿನ ಭದ್ರವಾದ ಆವೃತ್ತಿಯನ್ನು ಎಲ್ಲ ಆಸ್ಪತ್ರೆಗಳಿಗೂ ಕಳಿಸಲಾಯಿತು. ತಂತ್ರಜ್ಞೆ ಅದು ತನ್ನ ರಕ್ತನಿಧಿಗೂ ಬಂದಿದೆಯೆಂದು ಫೋನಿನಲ್ಲಿ ಖಚಿತಪಡಿಸಿಕೊಂಡು, ಮೊದಲ ಬಾರಿಗೆ ಕುಳಿತಳು. ನರ್ಸಮ್ಮ ದಿನಾಂಕದ ಲೆಕ್ಕ ಬಿಡಿಸಲು ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

ಸಾಹೇಬರು ಬಾಗಿಲಲ್ಲಿ ನಿಂತು ಕೈಪಿಡಿಕಾರನಿಗೆ ಪಿಸುಗುಟ್ಟಿದರು. "ರೀ, ಬಿಡುಗಡೆ ಟಿಪ್ಪಣೀಲಿ 'ತಾಂತ್ರಿಕ ಕಾರಣಗಳಿಂದ' ಅಂತ ಹಾಕಿ, ಸಾಕು."

ಅವನು ಬರೆದ: "ಪರೀಕ್ಷೆಯಾಗದ ಸೌಲಭ್ಯವನ್ನು ಸುಳ್ಳು ವರದಿಯ ಮೂಲಕ ಸೇರಿಸಲಾಗಿತ್ತು."

ಅಕ್ಕ ಭುಜದ ಹಿಂದಿನಿಂದ ಓದಿದರು. "'ಸೇರಿಸಲಾಗಿತ್ತು' ಅಂದ್ರೇನು? ಗಾಳಿ ಬಂದು ಸೇರಿಸ್ತಾ?"

ಅವನು ಆ ಪದವನ್ನು ಅಳಿಸಿದ. ಸಾಲಿನ ಆರಂಭಕ್ಕೆ ಹೋಗಿ, ಸಾಹೇಬರ ಪೂರ್ತಿ ಹೆಸರನ್ನು ಒಂದೂ ಅಕ್ಷರ ತಪ್ಪಿಲ್ಲದೆ ಬರೆದ.