ಬೋರಲು ಹಾಕಿದ ಚಿತ್ರ

ಏಳು ಕೋಟೆಗಳ ಆಚೆ, ಹಾಡುಹಗಲಲ್ಲೂ ಹೊಗೆ ಕವಿದಿರುತ್ತಿದ್ದ ಕಾಡಿಗೆಪುರವೆಂಬ ರಾಜ್ಯವೊಂದು ಬಹಳ ಹಿಂದೆ ಇತ್ತು. ಅಲ್ಲಿ ಧೂಮಕೇಶನೆಂಬ ಮಾಂತ್ರಿಕ ತನಗೆ ಎದುರಾಡಿದವರನ್ನೆಲ್ಲ ಊದಿ ಹೊಗೆ ಮಾಡಿ, ತಾಮ್ರದ ಗಿಂಡಿಯಲ್ಲಿ ತುಂಬಿಡುತ್ತಿದ್ದ. ರಾಜನೇ ಹೆದರಿ ಬಾಗಿಲು ಹಾಕಿಕೊಂಡಿದ್ದ ಮೇಲೆ ಉಳಿದವರ ಪಾಡು ಹೇಳುವುದೇನು?

ಮಾಚಬ್ಬೆ ಎಂಬ ಹುಡುಗಿ ಮಾತ್ರ ನಡುಬೀದಿಯಲ್ಲಿ ಅವನನ್ನು ಕಳ್ಳ ಎಂದಳು. ಮರುಗಳಿಗೆಯೇ ಗಿಂಡಿ ಸೇರಿದಳು. ಅವಳ ಅಕ್ಕ ಜಕ್ಕಬ್ಬೆ ಚಿತ್ರ ಬರೆಯುವವಳು. ತಂಗಿಯನ್ನು ಬಿಟ್ಟರೆ ಅವಳಿಗೆ ಯಾರೂ ಇಲ್ಲ. ನೆಟ್ಟಗೆ ಮಾಂತ್ರಿಕನ ಮನೆಗೇ ಹೋಗಿ ತಂಗಿಯನ್ನು ಬಿಡು ಎಂದಳು.

"ಹೊಗೆಗೆ ರೂಪವಿಲ್ಲ, ನೀನು ಕೊಡು," ಎಂದು ನಕ್ಕ ಧೂಮಕೇಶ. "ಹೊತ್ತು ಮುಳುಗುವುದರೊಳಗೆ ಅವಳ ಚಿತ್ರ ಮುಗಿಸಿದರೆ ಗಿಂಡಿ ತಾನಾಗಿ ತೆರೆಯುತ್ತದೆ. ಬರೆದಷ್ಟೂ ಅವಳ ಜೀವ ಚಿತ್ರಕ್ಕೆ ಇಳಿಯುತ್ತದೆ, ಚಿತ್ರ ಬಿರುಕು ಬಿಟ್ಟರೆ ಅವಳ ಮೈಯೂ ಬಿರಿಯುತ್ತದೆ. ಒಪ್ಪಿಗೆಯೇನು?"

"ಒಪ್ಪಿಗೆ. ಅತ್ತ ಸರಿ, ಬೆಳಕು ಬೀಳಲಿ," ಎಂದಳು ಜಕ್ಕಬ್ಬೆ.

ಹುಣಸೆ ಕಡ್ಡಿಯ ಇದ್ದಿಲಿನಿಂದ ಕರಡು ಎಳೆದಳು. ಒಂದು ತಪ್ಪು ಗೆರೆ, ಅದರ ಮೇಲೊಂದು ಸರಿ ಗೆರೆ. ಮುಖ ಮೂಡುವಷ್ಟರಲ್ಲಿ ಮಾಂತ್ರಿಕನ ಮೂರು ಕೊಕ್ಕಿನ ಹದ್ದು ಬಂದು ರೆಕ್ಕೆ ಬಡಿಯಿತು. ಇದ್ದಿಲ ಪುಡಿಯೆಲ್ಲ ಹಾರಿಹೋಯಿತು. ಹೋದರೆ ಹೋಗಲಿ! ಕಾಗದ ಮರೆತರೂ ಕೈ ಮರೆಯುತ್ತದೆಯೇ? ಮತ್ತೆ ಎಳೆದಳು, ಕೂಡಲೇ ಮಸಿಯಲ್ಲಿ ತಿದ್ದಿದಳು. ಮಸಿಯ ಗೆರೆ ಯಾವ ಗಾಳಿಗೂ ಜಗ್ಗಲಿಲ್ಲ.

ಬಣ್ಣ ಕಲಸಿದಳು. ಆಗ ನಾಯಿಗಾತ್ರದ ಅಳಿಲೊಂದು ನುಗ್ಗಿ, "ನಮ್ಮ ಬಾಲದ ಕೂದಲಿಂದ ಕುಂಚ ಕಟ್ಟುತ್ತೀಯಾ?" ಎನ್ನುತ್ತಾ ಕುಂಚಗಳನ್ನೆಲ್ಲ ಕಚ್ಚಿ ಚೂರು ಮಾಡಿತು. ಜಕ್ಕಬ್ಬೆ ಅದರ ಬಾಲಕ್ಕೇ ಕೈಹಾಕಿ ಒಂದು ಹಿಡಿ ಕೂದಲು ಕಿತ್ತಳು. ಅಳಿಲು ಬಿದ್ದಂಬೀಳ ಓಡಿತು. ಹೊಸ ಕುಂಚ ಬಲು ಚೆನ್ನಾಗಿತ್ತು.

ಹೊತ್ತು ಇಳಿಯುತ್ತಿತ್ತು. ಇನ್ನು ಹೊಳಪು ಕೊಡುವುದೊಂದೇ ಬಾಕಿ. ಚಿತ್ರವನ್ನು ಚಪ್ಪಡಿಯ ಮೇಲೆ ಬೋರಲು ಹಾಕಿ, ಬೆನ್ನ ಕಡೆಯಿಂದ ನುಣ್ಣನೆ ಕಲ್ಲಿನಲ್ಲಿ ತಿಕ್ಕಬೇಕು. ನಡುವೆ ಕೈ ನಿಂತರೆ ಬಣ್ಣ ಬಿರಿಯುತ್ತದೆ. ಇದು ಚಿತ್ರಗಾರರಿಗೆಲ್ಲ ಗೊತ್ತು, ಧೂಮಕೇಶನಿಗೂ ಗೊತ್ತಿತ್ತು. ಅವನು ಸುಮ್ಮನೆ ಕೈಕಟ್ಟಿ ಕೂತ.

ಕಾಗದದ ಅಡಿಯಿಂದ ದನಿ ಬಂತು. "ಅಕ್ಕಾ, ಉಸಿರು ಕಟ್ಟುತ್ತಿದೆ. ತಿರುಗಿಸೇ!"

ಜಕ್ಕಬ್ಬೆ ತಿಕ್ಕುತ್ತಲೇ ಕಿವಿಗೊಟ್ಟಳು. ಇದು ತಂಗಿಯ ದನಿಯೋ, ಮಾಂತ್ರಿಕನ ಆಟವೋ?

"ಅಕ್ಕಾ, ನಿನ್ನ ಕಾಲಿಗೆ ಬೀಳುತ್ತೇನೆ!"

"ತಂಗಿ ಸಾಯುತ್ತಿದ್ದಾಳೆ, ನೀನೆಂಥ ಅಕ್ಕ?" ಎಂದ ಧೂಮಕೇಶ.

"ಇನ್ನೊಂಚೂರು ತಾಳು ಕಣೇ," ಎಂದಳು ಜಕ್ಕಬ್ಬೆ. ಕಣ್ಣೀರು ಧಾರಾಕಾರ ಇಳಿಯಿತು. ಕೈ ನಿಲ್ಲಲಿಲ್ಲ. ಒಳಗಿನ ದನಿ ಸಣ್ಣದಾಯಿತು, ಆಮೇಲೆ ನಿಂತೇ ಹೋಯಿತು. ಆಗಲೂ ಕೊನೆಯ ಮೂಲೆಯವರೆಗೆ ತಿಕ್ಕಿ, ಚಿತ್ರವನ್ನು ತಿರುಗಿಸಿದಳು.

ಒಂದು ಬಿರುಕೂ ಇರಲಿಲ್ಲ, ಹೊತ್ತೂ ಮುಳುಗಿರಲಿಲ್ಲ. ಗಿಂಡಿಯ ಬಾಯಿ ಫಟ್ಟನೆ ತೆರೆಯಿತು. ಹಿಡಿದಿಟ್ಟ ಹೊಗೆಯೆಲ್ಲ ಮನುಷ್ಯರಾಗಿ ಅವರವರ ಮನೆಯ ದಾರಿ ಹಿಡಿಯಿತು. ಮಾಟ ಮುರಿದು ಧೂಮಕೇಶ ಒಂದು ಹಿಡಿ ಮಸಿಯಾಗಿ ಉದುರಿದ. ಅವನನ್ನು ಗುಡಿಸಿ ತಿಪ್ಪೆಗೆ ಹಾಕಿದರು.

ಮಾಚಬ್ಬೆ ಚಿತ್ರದಿಂದ ಎದ್ದು ಬಂದವಳೇ ಅಕ್ಕನ ಬೆನ್ನಿಗೊಂದು ಗುದ್ದಿದಳು. ಆಮೇಲೆ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಕರೆದದ್ದು ನಾನೇ ಅಕ್ಕಾ. ಅವನಲ್ಲ, ನಾನೇ."

"ಗೊತ್ತಿದ್ದಿದ್ದರೆ ನನ್ನ ಕೈ ನಿಂತುಬಿಡುತ್ತಿತ್ತು," ಎಂದಳು ಜಕ್ಕಬ್ಬೆ.

ಅಂದಿನಿಂದ ಕಾಡಿಗೆಪುರದ ಆಕಾಶ ತಿಳಿಯಾಯಿತು. ಅಕ್ಕತಂಗಿಯರು ದಿನಾ ಜಗಳವಾಡಿಕೊಂಡು, ನೂರು ವರ್ಷ ಸುಖವಾಗಿ ಬಾಳಿದರು.